ಸ್ವಾಧ್ಯಾಯದ ಕಪಾಟಿನ ಎರಡನೆಯ ಸಾಲು

ಶಾಸ್ತ್ರದಾನವು ನಮ್ಮ ಸಮಾಜಕ್ಕೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಒಂದೊಂದು ಪ್ರತಿಯನ್ನೂ ಲಿಪಿಕಾರನು ಓಲೆಯ ಮೇಲೆ ಕೊರೆಯಬೇಕಾಗಿದ್ದ ಆ ಕಾಲದಲ್ಲಿ ಯಾವ ಗ್ರಂಥವನ್ನು ಬರೆಯಿಸಬೇಕೆಂಬ ಆಯ್ಕೆಯೇ ಅರ್ಧ ದಾನವಾಗಿತ್ತು. ಇಂದು ಮುದ್ರಣ ಸುಲಭ. ಹಿರಿಯರ ಪುಣ್ಯತಿಥಿಗೆ, ಪಂಚಕಲ್ಯಾಣಕ್ಕೆ, ಮದುವೆಯ ಮನೆಯಲ್ಲಿಯೂ ಪುಸ್ತಿಕೆಗಳನ್ನು ಹಂಚುತ್ತೇವೆ. ಬಸದಿಗಳ ಆಡಳಿತ ಮಂಡಳಿಗಳು ಗ್ರಂಥಭಂಡಾರಕ್ಕೆಂದು ಪ್ರತ್ಯೇಕ ನಿಧಿಯನ್ನೂ ಇರಿಸುತ್ತಿವೆ. ಸಂತೋಷದ ಸಂಗತಿಯೇ ಸರಿ. ಆದರೆ ಆಯ್ಕೆಯ ಶ್ರಮ ಮಾತ್ರ ದಿನೇ ದಿನೇ ಕಡಿಮೆಯಾಗುತ್ತಿದೆ.

ಆಗಮ, ಪುರಾಣ, ಶ್ರಾವಕಾಚಾರಗಳು ಕಪಾಟಿನ ಮೊದಲ ಸಾಲಿನಲ್ಲಿ ಇರಲೇಬೇಕು. ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ನಾನು ಇಲ್ಲಿ ವಿಚಾರಿಸಹೊರಟಿರುವುದು ಎರಡನೆಯ ಸಾಲನ್ನು. ವಿಜ್ಞಾನ, ಇತಿಹಾಸ ಮತ್ತು ಮನುಷ್ಯನ ವಿಚಾರಕ್ರಮವನ್ನು ಕುರಿತ ಗ್ರಂಥಗಳು ಇರಬೇಕಾದ ಈ ಸ್ಥಳದಲ್ಲಿ ಈಗ ಬಹುಮಟ್ಟಿಗೆ ತುಂಬಿರುವುದು, ಆಧುನಿಕ ವಿಜ್ಞಾನವೆಲ್ಲ ನಮ್ಮ ಆಗಮಗಳಲ್ಲಿ ಮೊದಲೇ ಇತ್ತೆಂದು ಸಾರುವ ತೆಳು ಪುಸ್ತಿಕೆಗಳು. ಕಾಲೇಜಿನಲ್ಲಿ ವಿಜ್ಞಾನ ಓದುವ ನಮ್ಮ ಮಕ್ಕಳು ಇವುಗಳ ಎರಡು ಪುಟ ತಿರುವಿ ಮುಚ್ಚಿಡುತ್ತಾರೆ. ಅವರು ಮುಚ್ಚಿಡುವುದು ಆ ಪುಸ್ತಿಕೆಯನ್ನಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದರ ಜೊತೆಗೆ ಮೊದಲ ಸಾಲಿನ ಮೇಲಿನ ವಿಶ್ವಾಸವನ್ನೂ ಮುಚ್ಚಿಡುತ್ತಾರೆ.

ಒಂದೇ ಉದಾಹರಣೆಯನ್ನು ಪರೀಕ್ಷಿಸೋಣ. ಒಂದು ಹನಿ ನೀರಿನಲ್ಲಿ 36,450 ಚಲಿಸುವ ಜೀವಿಗಳನ್ನು ಕ್ಯಾಪ್ಟನ್ ಸ್ಕೋರ್ಸ್‌ಬಿ ಎಂಬ ವಿಜ್ಞಾನಿಯು ಸೂಕ್ಷ್ಮದರ್ಶಕದಲ್ಲಿ ಕಂಡನೆಂಬ ಮಾತು ಬಟ್ಟೆಯಲ್ಲಿ ಸೋಸಿದ ನೀರಿನ ಮಹತ್ತ್ವವನ್ನು ಹೇಳುವ ಪುಸ್ತಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾವ ನೀರು? ಬಾವಿಯದೇ, ಹೊಳೆಯದೇ? ಯಾವ ವರ್ಷ? ಎಣಿಸಿದ್ದು ಹೇಗೆ? ಪುಸ್ತಿಕೆಗಳು ಹೇಳುವುದಿಲ್ಲ. ವಿಲಿಯಂ ಸ್ಕೋರ್ಸ್‌ಬಿಯು ಇಂಗ್ಲೆಂಡಿನ ಒಬ್ಬ ನಾವಿಕ. ಉತ್ತರಧ್ರುವದ ಕಡೆಯ ಸಮುದ್ರದಲ್ಲಿ ಎಣ್ಣೆಗಾಗಿ ತಿಮಿಂಗಿಲಗಳನ್ನು ಬೇಟೆಯಾಡುವ ಹಡಗಿನ ಕಪ್ತಾನ. ಬಣ್ಣಗೆಟ್ಟ ಸಮುದ್ರದ ನೀರನ್ನು 1820ರ ದಶಕದಲ್ಲಿ ಪರೀಕ್ಷಿಸಿ, ಗಾಜಿನ ಮೇಲೆ ಗೆರೆ ಎಳೆದ ಒಂದೊಂದು ಸಣ್ಣ ಚೌಕದಲ್ಲಿ ಸರಾಸರಿ 50 ಜೀವಿಗಳಿವೆ, ಹನಿಯು ಅಂತಹ 529 ಚೌಕಗಳನ್ನು ಆವರಿಸಿದೆ ಎಂದು ಲೆಕ್ಕ ಹಾಕಿದನು. ಐವತ್ತರಿಂದ 529ನ್ನು ಗುಣಿಸಿದರೆ 26,450. ಯಾವುದೋ ಒಂದು ಮುದ್ರಣಾಲಯದಲ್ಲಿ ಎರಡು ಮೂರಾಯಿತು. ಅಂದಿನಿಂದ ಹತ್ತು ಸಾವಿರ ಜೀವಿಗಳು ಹೆಚ್ಚಿಗೆ ಬದುಕುತ್ತಿವೆ! ಅಂಕೆಯ ತಪ್ಪು ಸಣ್ಣದು. ಗ್ರೀನ್‌ಲೆಂಡಿನ ಬಳಿಯ ಸಮುದ್ರದ ನೀರನ್ನು ನಮ್ಮ ಮನೆಯ ಹಿತ್ತಲ ಬಾವಿಯ ನೀರೆಂದು ಭಾವಿಸುವಂತೆ ಮಾಡಿದ್ದು ದೊಡ್ಡದು. ಜೀವದಯೆಯ ಸಮರ್ಥನೆಗೆ ತಿಮಿಂಗಿಲದ ಬೇಟೆಗಾರನನ್ನು ಸಾಕ್ಷಿಗೆ ಕರೆದಿದ್ದೇವೆಂಬುದು ಪುಸ್ತಿಕೆ ಹಂಚಿದವರಿಗೆ ತಿಳಿದಿರಲಾರದು.

ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಕೂಟಲೇಖಕ್ರಿಯೆಯೂ ಸೇರಿವೆ. ವ್ಯಾಪಾರಿಗಳಾದ ನಾವು ಕೂಟಲೇಖವೆಂದರೆ ಸುಳ್ಳು ಪತ್ರ, ಸುಳ್ಳು ಲೆಕ್ಕವೆಂದು ಚೆನ್ನಾಗಿ ಬಲ್ಲೆವು. ಧರ್ಮದ ಹೆಸರಿನಲ್ಲಿ ಹಂಚಿದ ಮಾತ್ರಕ್ಕೆ ಆಧಾರವಿಲ್ಲದ ಅಂಕೆಯು ಸತ್ಯವಾಗದು. ತಿಳಿಯದೆ ಮಾಡಿದ್ದು ಅತಿಚಾರವೇ ಅಲ್ಲವೇ ಎಂಬುದನ್ನು ತ್ಯಾಗಿಗಳು ನಿರ್ಣಯಿಸಲಿ. ತಿಳಿದ ಮೇಲೂ ಮರುಮುದ್ರಣ ಮಾಡಿದರೆ ಸಂದೇಹಕ್ಕೆ ಅವಕಾಶವಿಲ್ಲ.

ಇದಕ್ಕೆ ಪ್ರತಿಯಾಗಿ ನಿಜವಾದ ಪರೀಕ್ಷೆಯೊಂದನ್ನು ನೋಡಿ. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಪರೀಕ್ಷೆ ನಡೆಸಿ 2003ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಹಳೆಯ ಸೀರೆಯನ್ನು ನಾಲ್ಕು ಮಡಿಕೆಗಿಂತ ಕಡಿಮೆಯಾಗದಂತೆ ಮಡಿಸಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ರೋಗವು ಸುಮಾರು ಶೇಕಡಾ 48ರಷ್ಟು ತಗ್ಗಿತು. ಕಾಲರಾದ ರೋಗಾಣುಗಳು ನೀರಿನಲ್ಲಿರುವ ಸಣ್ಣ ಸಂಧಿಪದಿಗಳಿಗೆ ಅಂಟಿಕೊಂಡಿರುತ್ತವೆ. ಬಟ್ಟೆಯು ಆ ಸಂಧಿಪದಿಗಳನ್ನು ತಡೆಯುತ್ತದೆ. ಬಿಡಿಯಾಗಿ ತೇಲುವ ರೋಗಾಣುವನ್ನು ಬಟ್ಟೆ ತಡೆಯಲಾರದು. ಇಲ್ಲಿ ಊರಿದೆ, ವರ್ಷವಿದೆ, ಕಾರಣವಿದೆ, ಮಿತಿಯೂ ಇದೆ. ಆದರೂ ಇದರಿಂದ ನಮ್ಮ ಆಚಾರವು ಸಿದ್ಧವಾಯಿತೆಂದು ಜಂಬಪಡುವಂತಿಲ್ಲ. ಅಲ್ಲಿ ಸೋಸಿದ್ದು ಮನುಷ್ಯನ ರಕ್ಷಣೆಗಾಗಿ. ನಮ್ಮ ಹಿರಿಯರು ಸೋಸಿದ್ದು ನೀರಿನ ಜೀವಿಗಳ ರಕ್ಷಣೆಗಾಗಿ. ಆದುದರಿಂದಲೇ ಬಟ್ಟೆಯಲ್ಲಿ ಉಳಿದುದನ್ನು ಮರಳಿ ಅದೇ ನೀರಿಗೆ ಬಿಡುವ ನಿಯಮವಿದೆ. ಎರಡು ಉದ್ದೇಶಗಳನ್ನು ಬೆರೆಸಿದರೆ ಎರಡೂ ಕೆಡುತ್ತವೆ.

ಹೀಗೆ ಆಧಾರವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಗ್ರಂಥವೇ ಎರಡನೆಯ ಸಾಲಿಗೆ ಯೋಗ್ಯವೆಂದು ನನ್ನ ಅಭಿಪ್ರಾಯ. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ಖಾತೆಯಲ್ಲಿ ಬರೆದ ಪ್ರತಿಯೊಂದು ಬಾಬಿಗೂ ವೋಚರ್ ಇರಬೇಕು. ಈ ಪರೀಕ್ಷೆಯಲ್ಲಿ ಗೆಲ್ಲುವ ಕೆಲವು ಗ್ರಂಥಗಳನ್ನೂ ಸೋಲುವ ಒಂದನ್ನೂ ಮುಂದೆ ವಿಮರ್ಶಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಹೆಸರಿಸಬೇಕಾದುದು ಚಾರ್ಲ್ಸ್ ಡಾರ್ವಿನ್ನನ ಕೊನೆಯ ಗ್ರಂಥ. 1881ರಲ್ಲಿ, ತನ್ನ ಮರಣಕ್ಕೆ ಕೆಲವೇ ತಿಂಗಳ ಮೊದಲು ಅವನು ಪ್ರಕಟಿಸಿದ ಈ ಪುಸ್ತಕದ ವಿಷಯ ಎರೆಹುಳು. ಜೀವವಿಕಾಸದ ವಾದದಿಂದ ಜಗತ್ತನ್ನೇ ಅಲ್ಲಾಡಿಸಿದ ಪಂಡಿತನು ಮುಪ್ಪಿನಲ್ಲಿ ಮಣ್ಣಿನ ಹುಳುವಿನ ಮುಂದೆ ಕುಳಿತು ಅದರ ದಿನಚರಿಯನ್ನು ಬರೆದನೆಂಬುದೇ ನಮ್ಮಂಥವರಿಗೆ ಆದರಣೀಯ. ಅವನ ತಾಳ್ಮೆಯನ್ನು ನೋಡಿ. 1842ರ ಡಿಸೆಂಬರಿನಲ್ಲಿ ತನ್ನ ಮನೆಯ ಬಳಿಯ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿದನು. 29 ವರ್ಷ ಕಾದು 1871ರ ನವೆಂಬರಿನಲ್ಲಿ ಅಲ್ಲಿ ಅಗೆಸಿದನು. ಬಿಳಿಯ ಚೂರುಗಳ ಸಾಲು ನೆಲದಿಂದ ಏಳು ಅಂಗುಲ ಕೆಳಗಿತ್ತು. ಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಮೇಲೆ ತಂದು ಹಾಕುತ್ತ ಆ ಚೂರುಗಳನ್ನು ಮುಚ್ಚಿದ್ದವು. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಒಣಮಣ್ಣು ಅವುಗಳ ದೇಹದ ಮೂಲಕ ಹಾದು ಮೇಲೆ ಬರುತ್ತದೆಂದು ಅವನು ಲೆಕ್ಕ ಹಾಕಿದನು.

ನಮಗೆ ಇನ್ನೂ ಹತ್ತಿರವಾದ ಭಾಗವೆಂದರೆ ಹುಳುವಿನ ಇಂದ್ರಿಯಗಳನ್ನು ಕುರಿತದ್ದು. ಕುಂಡಗಳಲ್ಲಿ ಹುಳುಗಳನ್ನು ಸಾಕಿ, ಅವುಗಳ ಬಳಿ ಸೀಟಿ ಊದಿಸಿದನು, ಬಸೂನ್ ಎಂಬ ದೊಡ್ಡ ದನಿಯ ವಾದ್ಯವನ್ನು ನುಡಿಸಿದನು, ಕೂಗಿದನು, ಅವು ಕದಲಲಿಲ್ಲ. ಪಿಯಾನೋ ಬಳಿಯ ಮೇಜಿನ ಮೇಲಿದ್ದಾಗಲೂ ಸುಮ್ಮನಿದ್ದವು. ಕುಂಡವನ್ನು ಪಿಯಾನೋದ ಮೇಲೆಯೇ ಇರಿಸಿ ಒಂದು ಸ್ವರವನ್ನು ಒತ್ತಿದೊಡನೆ ಬಿಲದೊಳಕ್ಕೆ ಸರಿದವು. ಕೇಳಿಸಿದ್ದಲ್ಲ, ಕಂಪನವು ಮೈಗೆ ತಗುಲಿದ್ದು. ಎಲೆಗಳಲ್ಲಿ ಅವುಗಳಿಗೆ ರುಚಿಭೇದವಿದೆ. ಬಿಲದ ಬಾಯನ್ನು ಮುಚ್ಚಲು ಎಲೆಯನ್ನು ಯಾವ ತುದಿಯಿಂದ ಎಳೆದರೆ ಸುಲಭವೋ ಆ ತುದಿಯನ್ನೇ ಹೆಚ್ಚಾಗಿ ಹಿಡಿಯುತ್ತವೆ. ಕಾಗದದ 303 ತ್ರಿಕೋನಗಳನ್ನು ಇಟ್ಟು ನೋಡಿದಾಗ ಶೇಕಡಾ 62ನ್ನು ಚೂಪಾದ ಕೊನೆಯಿಂದ ಎಳೆದಿದ್ದವು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವನ್ನು ಓದಿದವರಿಗೆ ಇಲ್ಲಿ ರೋಮಾಂಚನವಾಗುವುದು ಸಹಜ. ಕೃಮಿಯು ದ್ವೀಂದ್ರಿಯ ಜೀವಿ. ಸ್ಪರ್ಶ ಮತ್ತು ರಸನ ಎಂಬ ಎರಡೇ ಇಂದ್ರಿಯಗಳುಳ್ಳದ್ದು. ಡಾರ್ವಿನ್ನನು ಕಂಡದ್ದೂ ಅದೇ ಅಲ್ಲವೇ? ಪುಸ್ತಿಕೆ ಬರೆಯುವವನು ಇಲ್ಲಿಗೇ ಲೇಖನಿಯನ್ನು ಕೆಳಗಿಡುತ್ತಾನೆ. ಗ್ರಂಥವನ್ನು ಪೂರ್ತಿ ಓದಿದವನು ಕೆಳಗಿಡಲಾರ. ಏಕೆಂದರೆ ಡಾರ್ವಿನ್ನನು ಮುಂದುವರಿದು, ಹುಳುವಿಗೆ ಕ್ಷೀಣವಾದ ಘ್ರಾಣಶಕ್ತಿಯಿದೆ, ಮಣ್ಣಿನಲ್ಲಿ ಹೂತಿಟ್ಟ ಕೋಸು-ಈರುಳ್ಳಿಯ ಚೂರುಗಳನ್ನು ಅದು ಹುಡುಕಿಕೊಳ್ಳುತ್ತದೆ ಎಂದೂ, ಕಣ್ಣಿಲ್ಲದಿದ್ದರೂ ಬೆಳಕು ಕತ್ತಲೆಗಳ ಭೇದವನ್ನು ಅರಿಯುತ್ತದೆ ಎಂದೂ ಬರೆದಿದ್ದಾನೆ. ಮೊದಲ ಭಾಗವನ್ನು ಸಾಕ್ಷಿಯಾಗಿ ಎತ್ತಿಕೊಂಡು ಎರಡನೆಯ ಭಾಗವನ್ನು ಮರೆಮಾಡುವುದು ಪ್ರಾಮಾಣಿಕತೆಯಲ್ಲ. ಆಚಾರ್ಯರು ಜೀವಿಗಳನ್ನು ವಿಂಗಡಿಸಿದ್ದು ಶ್ರಾವಕನು ಹೆಜ್ಜೆಯಿಡುವಾಗ ಎಚ್ಚರವಾಗಿರಲೆಂದು; ಡಾರ್ವಿನ್ನನು ಪರೀಕ್ಷಿಸಿದ್ದು ಮಣ್ಣು ಹೇಗೆ ಉಂಟಾಗುತ್ತದೆಂದು ತಿಳಿಯಲು. ನಯಗಳು ಬೇರೆ. ಒಂದು ಮತ್ತೊಂದಕ್ಕೆ ಮುದ್ರೆಯೊತ್ತಬೇಕಾಗಿಲ್ಲ. ಹುಳುವನ್ನು ಕುಂಡದಲ್ಲಿಟ್ಟು ಪೀಡಿಸಿದನಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಎರೆಹುಳುವನ್ನು ಇಷ್ಟು ಗೌರವದಿಂದ ಕಂಡ ಬೇರೊಂದು ಪುಸ್ತಕವನ್ನು ನಾನು ಓದಿಲ್ಲ.

ಮನುಷ್ಯನ ವಿಚಾರಕ್ರಮವನ್ನು ಕುರಿತು ಡೇನಿಯಲ್ ಕಾನೆಮನ್ ಅವರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ ಎಂಬ 2011ರ ಗ್ರಂಥವು ಯೋಗ್ಯವಾದುದು. ಮನಶ್ಶಾಸ್ತ್ರಜ್ಞರಾಗಿದ್ದರೂ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಇವರು 2024ರಲ್ಲಿ ನಿಧನರಾದರು. ನಮ್ಮ ಮನಸ್ಸು ಥಟ್ಟನೆ ಉತ್ತರ ಕೊಡುವ ಬಗೆ ಒಂದು, ನಿಧಾನವಾಗಿ ಲೆಕ್ಕ ಹಾಕುವ ಬಗೆ ಇನ್ನೊಂದು ಎಂಬುದು ಗ್ರಂಥದ ತಿರುಳು. ಪುಸ್ತಕಕ್ಕೂ ಪೆನ್ಸಿಲಿಗೂ ಸೇರಿ 110 ರೂಪಾಯಿ, ಪುಸ್ತಕದ ಬೆಲೆ ಪೆನ್ಸಿಲಿಗಿಂತ 100 ರೂಪಾಯಿ ಹೆಚ್ಚು ಎಂದರೆ ಪೆನ್ಸಿಲಿನ ಬೆಲೆಯೆಷ್ಟು? ಗಲ್ಲಾಪೆಟ್ಟಿಗೆಯ ಮುಂದೆ ನಲವತ್ತು ವರ್ಷ ಕುಳಿತವರೂ ಹತ್ತು ಎಂದುಬಿಡುತ್ತಾರೆ. ಉತ್ತರ ಐದು. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಸುಖಕ್ಕಿಂತ ಸುಮಾರು ಇಮ್ಮಡಿಯಾಗಿ ಮನಸ್ಸನ್ನು ಕಾಡುತ್ತದೆಂಬ ಅವರ ಮಾತು, ಬೆಲೆ ಕುಸಿಯುತ್ತಿರುವ ಸರಕನ್ನು ಮಾರದೆ ಗೋದಾಮಿನಲ್ಲಿ ಇಟ್ಟುಕೊಳ್ಳುವ ನಮ್ಮ ಪೇಟೆಯ ರೂಢಿಗೆ ವ್ಯಾಖ್ಯಾನದಂತಿದೆ. ಪರಿಗ್ರಹದ ಮೋಹವನ್ನು ಕುರಿತು ನೂರು ಪ್ರವಚನ ಕೇಳಿದವರು ಇದನ್ನೂ ಒಮ್ಮೆ ಓದಲಿ.

ಈ ಗ್ರಂಥದಲ್ಲಿ ದುರ್ಬಲವಾದ ಒಂದು ಅಧ್ಯಾಯವಿದೆ. ಕಣ್ಣಿಗೆ ಬಿದ್ದ ಒಂದು ಪದವೋ ಚಿತ್ರವೋ ನಮಗರಿಯದಂತೆ ನಮ್ಮ ನಡತೆಯನ್ನು ಬದಲಿಸುತ್ತದೆಂಬ ಪ್ರಯೋಗಗಳನ್ನು ಅಲ್ಲಿ ತುಂಬ ನಂಬಿಕೆಯಿಂದ ವರ್ಣಿಸಿದ್ದಾರೆ. ಅನಂತರ ಇತರರು ಅವನ್ನು ಪುನಃ ಮಾಡಿ ನೋಡಿದಾಗ ಅನೇಕವು ನಿಲ್ಲಲಿಲ್ಲ. ಬಹಳ ಕಡಿಮೆ ಜನರನ್ನು ಪರೀಕ್ಷಿಸಿದ ಅಧ್ಯಯನಗಳ ಮೇಲೆ ಅತಿಯಾದ ಭರವಸೆ ಇಟ್ಟೆನೆಂದು 2017ರಲ್ಲಿ ಕಾನೆಮನ್ ಅವರೇ ಬರಹದಲ್ಲಿ ಒಪ್ಪಿಕೊಂಡರು. ಜಗತ್ಪ್ರಸಿದ್ಧನಾದ ಪಂಡಿತನು ಎಂಬತ್ತು ದಾಟಿದ ವಯಸ್ಸಿನಲ್ಲಿ ಮಾಡಿದ ಈ ಆಲೋಚನೆ-ಪ್ರತಿಕ್ರಮಣವು ಗ್ರಂಥದ ಬೆಲೆಯನ್ನು ತಗ್ಗಿಸದೆ ಏರಿಸಿದೆ. ಭಂಡಾರದ ಪ್ರತಿಯಲ್ಲಿ ಆ ಅಧ್ಯಾಯದ ಮೊದಲ ಪುಟಕ್ಕೆ ಈ ಸಂಗತಿಯನ್ನು ಬರೆದ ಚೀಟಿಯೊಂದನ್ನು ಅಂಟಿಸಿದರೆ ಉಪಕಾರವಾದೀತು. ಇದರ ಜೊತೆಗೆ ಕಾರ್ಲ್ ಸೇಗನ್ನರ ‘ದಿ ಡೀಮನ್-ಹಾಂಟೆಡ್ ವರ್ಲ್ಡ್’ ಕೂಡ ಇರಲಿ. 1995ರದು. ಪವಾಡ, ಭೂತ, ಹಾರುವ ತಟ್ಟೆಗಳ ಕಥೆಗಳನ್ನು ಹೇಗೆ ತೂಗಿ ನೋಡಬೇಕೆಂದು ಪ್ರೌಢಶಾಲೆಯ ಹುಡುಗನಿಗೂ ತಿಳಿಯುವಂತೆ ಬರೆದಿದ್ದಾರೆ. ಸ್ವಲ್ಪ ಉದ್ದವಾಯಿತೆಂಬುದೊಂದೇ ದೂರು.

ಗಣಿತದ ಇತಿಹಾಸಕ್ಕೆ ಬಂದರೆ ನಮ್ಮ ಅಭಿಮಾನಕ್ಕೆ ನಿಜವಾದ ಆಧಾರವೇ ಇದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡದಲ್ಲಿಯೂ ಪದ್ಮಾವತಮ್ಮನವರ ಅನುವಾದವು 2000ದಲ್ಲಿ ಹೊಂಬುಜದಿಂದ ಹೊರಬಂದಿದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಈ ಆಚಾರ್ಯರೇ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದೂ ಹೇಳಿದ್ದಾರೆ. ಎರಡನೆಯದು ಇಂದಿನ ಗಣಿತಕ್ಕೆ ಸಮ್ಮತವಲ್ಲ. ನಮ್ಮ ಅಭಿನಂದನ ಲೇಖನಗಳು ಮೊದಲನೆಯದನ್ನು ಕೊಂಡಾಡಿ ಎರಡನೆಯದನ್ನು ನುಂಗಿಬಿಡುತ್ತವೆ. ಕಿಂ ಪ್ಲಾಫ್ಕರ್ ಅವರ ‘ಮ್ಯಾಥಮ್ಯಾಟಿಕ್ಸ್ ಇನ್ ಇಂಡಿಯಾ’ ಎಂಬ 2009ರ ಗ್ರಂಥವು ಭಾರತೀಯ ಗಣಿತವನ್ನು ಹೊಗಳಿಕೆಯೂ ತೆಗಳಿಕೆಯೂ ಇಲ್ಲದೆ, ಮೂಲಗ್ರಂಥಗಳ ಆಧಾರದಿಂದ ನಿರೂಪಿಸುತ್ತದೆ. ಸ್ಯಾದ್ವಾದವನ್ನು ಕುರಿತು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1954ರಲ್ಲಿಯೂ, ಜೀವಶಾಸ್ತ್ರಜ್ಞ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿಯೂ ಬರೆದ ಪ್ರಬಂಧಗಳು ಅದೇ ಬಗೆಯ ಸಂಯಮವುಳ್ಳವು. ಇವರು ಸಾಮ್ಯವನ್ನು ತೋರಿಸಿದರೇ ಹೊರತು, ಸಂಭಾವ್ಯತೆಯ ಗಣಿತವನ್ನು ಜೈನಾಚಾರ್ಯರೇ ಕಂಡುಹಿಡಿದರೆಂದು ಸಾರಲಿಲ್ಲ. ಆ ಮಾತನ್ನು ಸೇರಿಸಿದವರು ನಮ್ಮವರು.

ಇತಿಹಾಸದ ವಿಷಯದಲ್ಲಿ ಪರೀಕ್ಷೆ ಇನ್ನೂ ಕಠಿಣ, ಏಕೆಂದರೆ ಇಲ್ಲಿ ಭಕ್ತಿಯು ಅಡ್ಡ ಬರುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ, ಸುಮಾರು ಕ್ರಿ.ಶ. 600ರ ಪ್ರಸಿದ್ಧ ಶಾಸನವನ್ನು ತೆಗೆದುಕೊಳ್ಳಿ. ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡುದನ್ನೂ, ಸಂಘವು ದಕ್ಷಿಣಕ್ಕೆ ಬಂದುದನ್ನೂ, ಕಟವಪ್ರ ಗಿರಿಯಲ್ಲಿ ನಡೆದ ಸಮಾಧಿಯನ್ನೂ ಅದು ಹೇಳುತ್ತದೆ. ಅದರಲ್ಲಿ ಬರುವ ಹೆಸರು ಪ್ರಭಾಚಂದ್ರ. ಚಂದ್ರಗುಪ್ತನೆಂದು ಅಲ್ಲಿ ಬರೆದಿಲ್ಲ. ಬಿ.ಎಲ್. ರೈಸ್ ಅವರು ಆ ಪ್ರಭಾಚಂದ್ರನೇ ಮೌರ್ಯ ಚಂದ್ರಗುಪ್ತನೆಂದರು, ಜೆ.ಎಫ್. ಫ್ಲೀಟ್ ಅದನ್ನು ಒಪ್ಪಲಿಲ್ಲ. ಅದೇ ಬೆಟ್ಟದ ಬೇರೆ ಶಾಸನದಲ್ಲಿ ಭದ್ರಬಾಹು-ಚಂದ್ರಗುಪ್ತರ ಹೆಸರುಗಳು ಜೊತೆಯಾಗಿ ಬರುತ್ತವೆ. ಹರಿಷೇಣನ ಬೃಹತ್ಕಥಾಕೋಶವು ಕಥೆಯನ್ನು ಮತ್ತೊಂದು ರೀತಿಯಾಗಿ ಹೇಳುತ್ತದೆ. ಮೌರ್ಯನ ಕಾಲಕ್ಕೂ ಆ ಮೊದಲ ಶಾಸನಕ್ಕೂ ನಡುವೆ ಸುಮಾರು ಒಂಬೈನೂರು ವರ್ಷ. ನನ್ನ ಮಟ್ಟಿಗೆ ಪರಂಪರೆಯ ಮಾತು ಅಸಂಭವವಾಗಿ ಕಾಣುವುದಿಲ್ಲ. ಆದರೆ ಅದು ಕಲ್ಲಿನಲ್ಲಿ ಕೆತ್ತಿದ ನಿರ್ವಿವಾದ ಸತ್ಯವೆಂದು ಯಾತ್ರಿಕರಿಗೆ ಹಂಚುವ ಕರಪತ್ರದಲ್ಲಿ ಅಚ್ಚು ಹಾಕಿಸುವವರು ಆ ಕಲ್ಲನ್ನು ಓದಿದವರಲ್ಲ. ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟವು ಪ್ರತಿಯೊಂದು ಬಸದಿಯ ಭಂಡಾರದಲ್ಲಿಯೂ ಇರಬೇಕು. 1889ರಲ್ಲಿ ರೈಸ್ ಅವರು 144 ಶಾಸನಗಳನ್ನು ಪ್ರಕಟಿಸಿದ್ದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು 500ಕ್ಕೆ ಏರಿಸಿದರು.

ಇಂತಹ ಆಧಾರಗಳನ್ನು ಓದುವ ಕ್ರಮವನ್ನು ಕಲಿಸುವ ಗ್ರಂಥ ಫ್ರಾನ್ಸಿನ ಮಾರ್ಕ್ ಬ್ಲಾಕ್ ಅವರದು. ಇಂಗ್ಲಿಷಿನಲ್ಲಿ ‘ದಿ ಹಿಸ್ಟೋರಿಯನ್ಸ್ ಕ್ರಾಫ್ಟ್’ ಎಂದು ದೊರೆಯುತ್ತದೆ. ಇತಿಹಾಸದಿಂದ ಏನು ಪ್ರಯೋಜನವೆಂದು ಮಗನೊಬ್ಬನು ತಂದೆಯನ್ನು ಕೇಳಿದ ಪ್ರಶ್ನೆಯಿಂದ ಅದು ಆರಂಭವಾಗುತ್ತದೆ. ಯುದ್ಧಕಾಲದಲ್ಲಿ ತನ್ನ ಪುಸ್ತಕಸಂಗ್ರಹದಿಂದ ದೂರವಿದ್ದು ಬರೆದದ್ದು. ಪೂರ್ತಿಯಾಗುವ ಮೊದಲೇ, 1944ರ ಜೂನಿನಲ್ಲಿ, ನಾಜಿಗಳು ಅವರನ್ನು ಗುಂಡಿಕ್ಕಿ ಕೊಂದರು. 1949ರಲ್ಲಿ ಮಿತ್ರರು ಪ್ರಕಟಿಸಿದರು. ಹಿಂದಿನವರು ನಮಗೆ ತಿಳಿಸಲೆಂದು ಬರೆದುದಕ್ಕಿಂತ, ಅರಿಯದೆ ಉಳಿಸಿಹೋದ ಗುರುತುಗಳೇ ಹೆಚ್ಚು ನಂಬಿಕೆಗೆ ಅರ್ಹವೆಂಬ ಅವರ ವಿವೇಚನೆಯನ್ನು ಚಂದ್ರಗಿರಿಯ ಶಾಸನಗಳಿಗೆ ಅನ್ವಯಿಸಿ ನೋಡಿದರೆ ಎಷ್ಟೋ ಹೊಸ ಸಂಗತಿಗಳು ಹೊಳೆಯುತ್ತವೆ.

ಇದು ಪಂಡಿತರ ಕಾಲಕ್ಷೇಪವಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಅಪರಾಧವೆಂದು ಪರಿಗಣಿಸಿ ತೀರ್ಪು ನೀಡಿದಾಗ ಊರೂರುಗಳಲ್ಲಿ ಮೌನ ಮೆರವಣಿಗೆ ನಡೆಸಿದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಆದರೆ ಸಲ್ಲೇಖನಕ್ಕೂ ಆತ್ಮಹತ್ಯೆಗೂ ಇರುವ ಭೇದವನ್ನು ಅನ್ಯಮತೀಯ ಮಿತ್ರನಿಗೆ ಶಾಸನಗಳ ಆಧಾರದಿಂದ ವಿವರಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿಯಿದ್ದರು? ಷ. ಶೆಟ್ಟರ್ ಅವರು ಚಂದ್ರಗಿರಿಯ ನಿಸಿದಿಗಳನ್ನು ಒಂದೊಂದಾಗಿ ಅಧ್ಯಯನ ಮಾಡಿ ‘ಇನ್ವೈಟಿಂಗ್ ಡೆತ್’ ಮತ್ತು ‘ಪರ್ಸ್ಯೂಯಿಂಗ್ ಡೆತ್’ ಎಂಬ ಎರಡು ಗ್ರಂಥಗಳನ್ನು ಬರೆದು ಅದಾಗಲೇ ಇಪ್ಪತ್ತೈದು ವರ್ಷಗಳಾಗಿದ್ದವು. ಅವರು ನಮ್ಮ ವಕೀಲರಾಗಿ ಬರೆದವರಲ್ಲ. ಆದುದರಿಂದಲೇ ಅವರ ಸಾಕ್ಷ್ಯಕ್ಕೆ ತೂಕವಿದೆ.

ಇನ್ನು ಸೋಲುವ ಗ್ರಂಥ. ಯುವಾಲ್ ನೋವಾ ಹರಾರಿ ಅವರ ‘ಸೇಪಿಯನ್ಸ್’ ಎಲ್ಲ ಮನೆಗಳಲ್ಲಿಯೂ ಕಾಣಸಿಗುತ್ತಿದೆ. ಓದಿಸಿಕೊಂಡು ಹೋಗುತ್ತದೆ, ಪಶುಗಳನ್ನು ಕಾರ್ಖಾನೆಯ ಸರಕಿನಂತೆ ಸಾಕುವ ಕ್ರೌರ್ಯವನ್ನು ಖಂಡಿಸಿದ ಭಾಗಗಳು ನಮಗೆ ಪ್ರಿಯವೂ ಹೌದು. ಆದರೆ ಕೃಷಿಯೇ ಇತಿಹಾಸದ ಅತಿ ದೊಡ್ಡ ವಂಚನೆಯೆಂಬಂತಹ ತೀರ್ಮಾನವನ್ನು ಕೆಲವೇ ಪುಟಗಳಲ್ಲಿ ಮುಗಿಸಿ, ಮುಂದಿನ ಸಾವಿರ ವರ್ಷಗಳಿಗೆ ನೆಗೆಯುತ್ತಾರೆ. ಎದುರುವಾದ ಇರಬಹುದೇ ಎಂದು ಓದುಗನು ಯೋಚಿಸಲು ಬಿಡುವೇ ಇಲ್ಲ. ನಯವನ್ನೇ ಪ್ರಮಾಣವೆಂದು ಮಾರುವುದು ಎಂದರೆ ಇದೇ. ನಮಗೆ ಹಿತವಾದುದನ್ನು ಹೇಳಿದರೆಂದು ಮಾತ್ರಕ್ಕೆ ಇದನ್ನು ಬಿಟ್ಟುಕೊಟ್ಟರೆ ಪುಸ್ತಿಕೆಗಳನ್ನು ದೂರುವ ಹಕ್ಕು ನಮಗೆ ಉಳಿಯದು.

ಇಂಗ್ಲಿಷ್ ಓದದವರ ಪಾಡೇನೆಂದು ಕೇಳುವವರಿದ್ದಾರೆ. ಶಿವರಾಮ ಕಾರಂತರ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳು ಮನುಷ್ಯನು ಚಂದ್ರನ ಮೇಲೆ ಕಾಲಿಡುವ ಮೊದಲು ಬಂದವು; ವಿಷಯ ಹಳತಾದರೂ ವಿವರಿಸುವ ಕನ್ನಡ ಹಳತಾಗಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಸಸ್ಯಶಾಸ್ತ್ರವನ್ನು ನಗುನಗುತ್ತ ಕಲಿಸುತ್ತದೆ. ಎ.ಎನ್. ಮೂರ್ತಿರಾಯರ ‘ದೇವರು’ 1991ರದು. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ನಮಗೆ ಅದರ ವಾದ ಹಿತವೆನಿಸುತ್ತದೆ. ಆದರೆ ಅದೇ ತರ್ಕವನ್ನು ನಮ್ಮ ಕರ್ಮಸಿದ್ಧಾಂತದ ಮುಂದೆಯೂ ಹಿಡಿದು ಉತ್ತರ ಹುಡುಕುವ ಧೈರ್ಯವಿದ್ದವರು ಅದನ್ನು ಓದಲಿ.

ಆಡಳಿತ ಮಂಡಳಿಗಳಿಗೆ ಒಂದು ಸೂಚನೆ. ಪುಸ್ತಕಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗದ ಕೈಯನ್ನು ಕಾರ್ಯದರ್ಶಿಗಳ ಮನೆಯಲ್ಲಿ ಇರಿಸಬೇಡಿ. ಪ್ರತಿಯೊಂದನ್ನೂ ಎರಡೆರಡು ಕೊಂಡು, ವಹಿಯಲ್ಲಿ ಬರೆದು ಮನೆಗೆ ಕೊಡಿ. ಪುಣ್ಯತಿಥಿಯ ಪುಸ್ತಿಕೆಗೆ ಹಣ ತೆಗೆದಿರಿಸಿದವರಿಗೂ ಒಂದು ಕೆಲಸವಿದೆ. ಡಾರ್ವಿನ್ನನ ಗ್ರಂಥಕ್ಕೆ ಈಗ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಎರೆಹುಳುವಿನ ನಡವಳಿಕೆಯನ್ನು ವರ್ಣಿಸುವ ಅದರ ಮೊದಲ ಎರಡು ಅಧ್ಯಾಯಗಳನ್ನು, ಘ್ರಾಣ ಮತ್ತು ಬೆಳಕಿನ ಭಾಗವನ್ನು ಬಿಡದೆ, ಬಲ್ಲವರಿಂದ ಕನ್ನಡಕ್ಕೆ ತರಿಸಿ ಮುಂದಿನ ದಶಲಕ್ಷಣ ಪರ್ವದಲ್ಲಿ ಹಂಚಬಹುದು.